ಐದು ದಿನದಲ್ಲಿ ಹೋಟೆಲ್ ಉದ್ಧಾರ: ಟಿವಿಯಲ್ಲಿ ಕಾಣುವುದು ಎಷ್ಟು ನಿಜ?

ಜುಲೈ ತಿಂಗಳ ಒಂದು ಮಧ್ಯಾಹ್ನ. ಸಾಗರದಲ್ಲಿ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಬಸ್ ತಪ್ಪಿತ್ತು, ಪರಿಚಯದ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆ. ಆರು ಟೇಬಲ್ಲು, ಒಂದರಲ್ಲೂ ಜನ ಇಲ್ಲ. ಯಜಮಾನರು ಗಲ್ಲಾದ ಮೇಲೆ ಮೊಬೈಲನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿಟ್ಟು ಏನೋ ನೋಡುತ್ತಿದ್ದರು. ಇಣುಕಿದೆ. ಗಾರ್ಡನ್ ರಾಮ್ಸೆ, ಮುಳುಗುತ್ತಿರುವ ಹೋಟೆಲುಗಳನ್ನು ಎತ್ತುವ ಟಿವಿ ಶೋ ಮಾಡುವ ಬ್ರಿಟನ್ನಿನ ಬಾಣಸಿಗ. ಅಮೆರಿಕದ ಯಾವುದೋ ಹೋಟೆಲಿನ ಫ್ರಿಜ್ ತೆಗೆದು, ಒಳಗಿದ್ದ ಕೋಳಿ ಮೂಸಿ, ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ನಮ್ಮ ಯಜಮಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಅಡುಗೆಮನೆ ಕಂಡರೆ ಸಾಕು, ಭಾಷೆ ಬೇಕಾಗಿಲ್ಲ.

"ಇದೆಲ್ಲ ನಿಜವಾ?" ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. "ಆ ಫ್ರಿಜ್ಜು ನಿಜ ಇರಬಹುದು ಮಾರಾಯ್ರೆ. ಅಂಥದ್ದು ನಾನೂ ನೋಡಿದ್ದೇನೆ. ನಂಗೆ ಡೌಟು ಬರೋದು ಕೊನೆಯಲ್ಲಿ. ಬಣ್ಣ ಹೊಡೆದ ಮಾರನೇ ದಿನವೇ ಹೋಟೆಲ್ ತುಂಬಿಹೋಗುತ್ತದಾ?"

ಡೌಟು ಸರಿಯಾದ ಜಾಗದಲ್ಲೇ ಬಂದಿದೆ ಅನ್ನಿಸಿತು. ಇಂಥ ಶೋಗಳು ಶುರುವಾಗಿ ಮೂವತ್ತು ವರ್ಷಕ್ಕೂ ಜಾಸ್ತಿ ಆಯಿತು, ಅವು ನಿಜವೋ ಸುಳ್ಳೋ ಎಂಬ ಜಗಳವೂ ಬಹಳ ವರ್ಷದ್ದು. ಆ ಜಗಳವೆಲ್ಲ ಜಾಸ್ತಿ ಫ್ರಿಜ್ಜಿನ ಸುತ್ತಲೇ ಸುತ್ತಿದೆ.

ಮೊದಲು ಬಂದಿದ್ದು ಬೈಯುವವರಲ್ಲ. 1990ರಲ್ಲಿ ಬಿಬಿಸಿ 'ಟ್ರಬಲ್‌ಶೂಟರ್' ಅಂತ ಒಂದು ಕಾರ್ಯಕ್ರಮ ಮಾಡಿತು. ಐಸಿಐ ಎಂಬ ದೊಡ್ಡ ರಾಸಾಯನಿಕ ಕಂಪನಿಯ ಅಧ್ಯಕ್ಷರಾಗಿದ್ದು ನಿವೃತ್ತರಾಗಿದ್ದ ಸರ್ ಜಾನ್ ಹಾರ್ವಿ-ಜೋನ್ಸ್ ಕಂಪನಿಗಳಿಗೆ ಹೋಗಿ, ಸುತ್ತಾಡಿ, ಸಲಹೆ ಕೊಡುತ್ತಿದ್ದರು. ಕೂಗಾಟ ಇಲ್ಲ, ಕಣ್ಣೀರು ಇಲ್ಲ. ಒಂದು ಕಂತಿನಲ್ಲಿ ಅವರು ಮಾರ್ಗನ್ ಎಂಬ ಕಾರು ಕಂಪನಿಗೆ ಹೋದರು. ಕೈಯಲ್ಲೇ ಕಾರು ಕಟ್ಟುವವರು, ಗಿರಾಕಿ ವರ್ಷಗಟ್ಟಲೆ ಕಾಯಬೇಕು. ಉತ್ಪಾದನೆ ಜಾಸ್ತಿ ಮಾಡಿ, ಬೆಲೆ ಏರಿಸಿ ಅಂದರು. ಮಾರ್ಗನ್ ಮನೆತನದವರು ಒಪ್ಪಲೇ ಇಲ್ಲ. ಹಾಗಂತ ಕಂಪನಿ ಮುಳುಗಲೂ ಇಲ್ಲ. 2009ರಲ್ಲಿ ನೂರು ವರ್ಷದ ಹಬ್ಬ ಮಾಡಿತು.

ನನಗೆ ಈ ಕಂತು ಬಹಳ ಇಷ್ಟ. ಯಾಕೆಂದರೆ ಇಲ್ಲಿ ಪಂಡಿತರು ಸೋತಿದ್ದನ್ನೂ ಟಿವಿ ತೋರಿಸಿತು. ಮುಂದೆ ಅದು ಅಪರೂಪವಾಯಿತು.

ತಿರುವು ಬಂದಿದ್ದು 2004ರಲ್ಲಿ. ಬ್ರಿಟನ್ನಿನ ಚಾನೆಲ್ 4 'ರಾಮ್ಸೇಸ್ ಕಿಚನ್ ನೈಟ್‌ಮೇರ್ಸ್' ಶುರು ಮಾಡಿತು. ಮುಳುಗುತ್ತಿರುವ ಹೋಟೆಲಿಗೆ ರಾಮ್ಸೆ ಒಂದು ವಾರ ಬರುತ್ತಾನೆ. ಊಟ ಮಾಡುತ್ತಾನೆ, ಅಡುಗೆಮನೆ ನೋಡುತ್ತಾನೆ, ಬೈಯುತ್ತಾನೆ, ಮೆನು ಬದಲಿಸುತ್ತಾನೆ. ಹೋಗುವಾಗ ಬಾಗಿಲಲ್ಲಿ ನಿಂತು ಒಳ್ಳೆ ಮಾತಾಡುತ್ತಾನೆ. ಮೊದಲ ಕಂತು ಯಾರ್ಕ್‌ಶೈರಿನ ಸಿಲ್ಸ್‌ಡನ್ ಎಂಬ ಸಣ್ಣ ಊರಿನ ಹೋಟೆಲಿನದು. ಆ ಹೋಟೆಲ್ ಆಮೇಲೆ ಮುಚ್ಚಿತು. ಲಂಡನ್ನಿನ 'ಈವ್ನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆ, ಆ ಕಂತಿನಲ್ಲಿ ಮೋಸ ನಡೆದಿದೆ, ದೃಶ್ಯಗಳನ್ನು ಬೇಕಂತಲೇ ಹುಟ್ಟಿಸಲಾಗಿದೆ ಅಂತ ಬರೆಯಿತು. ರಾಮ್ಸೆ ಕೋರ್ಟಿಗೆ ಹೋದ. 2006ರಲ್ಲಿ ಪತ್ರಿಕೆ ಕ್ಷಮೆ ಕೇಳಿ 75 ಸಾವಿರ ಪೌಂಡ್ ಕೊಡಬೇಕಾಯಿತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮರುವರ್ಷವೇ ರಾಮ್ಸೆಯ ಇನ್ನೊಂದು ಶೋನಲ್ಲಿ ಎಡವಟ್ಟಾಯಿತು. ಆತ ನೀರಿಗೆ ಧುಮುಕಿ, ಈಟಿಯಲ್ಲಿ ಮೀನು ಹೊಡೆದು ತಂದ ಹಾಗೆ ತೋರಿಸಿದ್ದರು. ಮೀನು ಹಿಡಿದಿದ್ದು ಬೇರೆಯವರು ಅಂತ ಚಾನೆಲ್ಲೇ ಒಪ್ಪಿಕೊಂಡಿತು. ನಮ್ಮ ಕಡೆ ಇದು ದೊಡ್ಡ ಅಪರಾಧ ಅಲ್ಲ ಬಿಡಿ. ಮೊದಲ ಮಳೆಗೆ ನೀರಿಗೆ ಎದುರಾಗಿ ಹತ್ತುವ ಮೀನು ಹಿಡಿಯಲು ಹೋದವರು, ಯಾರೋ ಹಾಕಿದ ಕೂಣಿಗೆ (ಮೀನು ಹಿಡಿಯುವ ಬುಟ್ಟಿಗೆ) ಬಿದ್ದ ಮೀನನ್ನು ತಮ್ಮದು ಅನ್ನುವುದು ಪ್ರತಿ ವರ್ಷದ ಕಥೆ. ಆದರೆ ಅವರು ಕ್ಯಾಮೆರಾ ಇಟ್ಟುಕೊಂಡು ಅನ್ನುವುದಿಲ್ಲ.

2007ರ ಸೆಪ್ಟೆಂಬರಿನಲ್ಲಿ ಶೋ ಅಮೆರಿಕದ ಫಾಕ್ಸ್ ಚಾನೆಲ್ಲಿಗೆ ಹೋಯಿತು. ಪ್ರಸಾರಕ್ಕೆ ಮುಂಚೆಯೇ ಕೇಸು. ನ್ಯೂಯಾರ್ಕಿನ 'ಡಿಲನ್ಸ್' ಎಂಬ ಹೋಟೆಲಿನ ಮಾಜಿ ಮ್ಯಾನೇಜರ್ ಒಬ್ಬರು, ದೃಶ್ಯಗಳನ್ನು ಕಟ್ಟಿದ್ದಾರೆ, ಗಿರಾಕಿಗಳಾಗಿ ಕೂತವರೂ ಕರೆಸಿದ ಜನ ಅಂತ ಆರೋಪ ಮಾಡಿದರು. ವಿಚಾರಣೆ ನಡೆದು ಸತ್ಯ ಹೊರಗೆ ಬರಲೇ ಇಲ್ಲ. ಸಹಿ ಹಾಕಿದ ಕರಾರಿನ ಪ್ರಕಾರ ಇದು ಮಧ್ಯಸ್ಥಿಕೆಯಲ್ಲೇ ಬಗೆಹರಿಯಬೇಕು ಅಂತ ಕೋರ್ಟು ಕಳಿಸಿತು. ತಮಾಷೆ ಅಂದರೆ ಆ ಕಂತಿನಲ್ಲಿ ರಾಮ್ಸೆ ಆ ಹೋಟೆಲನ್ನು ಭಾರತೀಯ ಊಟದ ಹೋಟೆಲ್ ಮಾಡಿ 'ಪೂರ್ಣಿಮಾ' ಅಂತ ಹೆಸರಿಟ್ಟ. ಪೂರ್ಣಿಮೆಯೂ ಬಹಳ ದಿನ ಉಳಿಯಲಿಲ್ಲ.

ಇಲ್ಲಿ 'ಕರಾರು' ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. 1950ರ ದಶಕದಲ್ಲಿ ಅಮೆರಿಕದ ಕ್ವಿಜ್ ಶೋಗಳಲ್ಲಿ ಕೆಲವರಿಗೆ ಉತ್ತರ ಮೊದಲೇ ಹೇಳಿಕೊಡುತ್ತಿದ್ದದ್ದು ಬಯಲಾಯಿತು. 'ಟ್ವೆಂಟಿ-ಒನ್' ಎಂಬ ಶೋನ ಸ್ಪರ್ಧಿ ಚಾರ್ಲ್ಸ್ ವಾನ್ ಡೋರೆನ್ 1959ರಲ್ಲಿ ಸಂಸತ್ತಿನ ಸಮಿತಿ ಎದುರೇ ತಪ್ಪೊಪ್ಪಿಕೊಂಡರು. ಮರುವರ್ಷ ಕಾನೂನೇ ಬಂತು: ಸ್ಪರ್ಧೆಯ ಫಲಿತಾಂಶ ಮೊದಲೇ ಗೊತ್ತು ಮಾಡಿ ಪ್ರೇಕ್ಷಕರಿಗೆ ಮೋಸ ಮಾಡಬಾರದು. ಆದರೆ ಹೋಟೆಲ್ ಉದ್ಧಾರ ಸ್ಪರ್ಧೆ ಅಲ್ಲ. ಅಲ್ಲಿ ಗೆಲ್ಲುವವರು, ಸೋಲುವವರು ಅಂತ ಇಲ್ಲ. ಹಾಗಾಗಿ ಆ ಕಾನೂನಿಗೆ ಇದು ಸಿಗುವುದಿಲ್ಲ. ಇನ್ನು ಭಾಗವಹಿಸುವವರು ಸಹಿ ಹಾಕುವ ಕಾಗದದಲ್ಲಿ, ಚಿತ್ರೀಕರಿಸಿದ್ದನ್ನು ಹೇಗೆ ಬೇಕಾದರೂ ಕತ್ತರಿಸಿ ಜೋಡಿಸಬಹುದು ಎಂಬ ಒಪ್ಪಿಗೆ ಇರುತ್ತದೆ. ಸಾಲದಲ್ಲಿ ಮುಳುಗಿದವನು ಆ ಕಾಗದವನ್ನು ಎಷ್ಟು ಗಮನ ಕೊಟ್ಟು ಓದುತ್ತಾನೆ?

ಜೋಡಣೆ ಮೇಜಿನ ಮೇಲೆ ಏನೆಲ್ಲ ಆಗುತ್ತದೆ ನೋಡಿ. ದಿನಗಟ್ಟಲೆ ನಾಲ್ಕಾರು ಕ್ಯಾಮೆರಾ ಓಡಿರುತ್ತವೆ. ಅಮೆರಿಕದಲ್ಲಿ ಒಂದು ಗಂಟೆಯ ಕಾರ್ಯಕ್ರಮ ಅಂದರೆ ಜಾಹೀರಾತು ಕಳೆದು ಉಳಿಯುವುದು ನಲವತ್ತು ಚಿಲ್ಲರೆ ನಿಮಿಷ. ಸೋಮವಾರ ಸಪ್ಲೈಯರ್ ಮುಖ ಸಿಂಡರಿಸಿದ್ದನ್ನು ಬುಧವಾರದ ಬೈಗುಳದ ಪಕ್ಕ ಇಟ್ಟರೆ ಸಾಕು, ಜಗಳ ತಯಾರು. ಒಬ್ಬರು ಬೇರೆ ಬೇರೆ ಹೊತ್ತಿನಲ್ಲಿ ಆಡಿದ ಮಾತಿನ ತುಂಡುಗಳನ್ನು ಹೊಲಿದು ಒಂದೇ ವಾಕ್ಯ ಮಾಡುವುದೂ ಉಂಟು. ಆ ಉದ್ಯಮದವರು ಅದಕ್ಕೆ 'ಫ್ರಾಂಕನ್‌ಬೈಟ್' ಅಂತ ಹೆಸರಿಟ್ಟಿದ್ದಾರೆ. ಹೆಸರಿಡುವಷ್ಟು ಮಾಮೂಲಿ ಅಂತಾಯಿತು. ಬ್ರಿಟಿಷ್ ಕಂತು ಮತ್ತು ಅಮೆರಿಕದ ಕಂತನ್ನು ಒಂದರ ಹಿಂದೊಂದು ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮೊದಲಿನದರಲ್ಲಿ ರಾಮ್ಸೆ ತಾನೇ ಕಥೆ ಹೇಳುತ್ತಾ ಹೋಗುತ್ತಾನೆ. ಎರಡನೆಯದರಲ್ಲಿ ಫ್ರಿಜ್ ಬಾಗಿಲು ತೆಗೆದರೂ ಡಂ ಅಂತ ಸದ್ದು.

ಹಾಗಾದರೆ ಎಲ್ಲ ನಾಟಕವಾ? ನಾಟಕ ಅಲ್ಲ. ನನಗೆ ಇದಕ್ಕೆ ಹತ್ತಿರ ಕಾಣುವುದು ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಮೊದಲೇ ಗೊತ್ತು. ಕರ್ಣ ಸಾಯಲೇಬೇಕು. ಆದರೆ ಸಾಯುವ ಮುಂಚೆ ಕರ್ಣ ಏನು ಮಾತಾಡುತ್ತಾನೆ ಅನ್ನುವುದು ಅವತ್ತಿನ ಅರ್ಥಧಾರಿಗೆ ಬಿಟ್ಟಿದ್ದು. ಯಾರೂ ಬರೆದುಕೊಟ್ಟಿರುವುದಿಲ್ಲ. ಈ ಶೋಗಳಲ್ಲೂ ಅಷ್ಟೇ. ಯಜಮಾನ ಮೊಂಡ, ಅಡುಗೆಯವ ಸೋಮಾರಿ, ಮನೆಯವರು ಅಳುತ್ತಾರೆ, ಗುರು ಬರುತ್ತಾನೆ, ಗರ್ವಭಂಗ, ಹೊಸ ಬೋರ್ಡು. ಪ್ರಸಂಗ ಇಷ್ಟೇ. ಒಳಗೆ ಬರುವ ಸಿಟ್ಟು, ಅಳು ಹೆಚ್ಚಿನ ಸಲ ಅವರದ್ದೇ. ಒಂದು ವ್ಯತ್ಯಾಸ ಇದೆ. ತಾಳಮದ್ದಳೆಯಲ್ಲಿ ಭಾಗವತರು ನಮ್ಮ ಕಣ್ಣೆದುರೇ ಕೂತಿರುತ್ತಾರೆ. ಯಾವ ಪದ ಹಾಡಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡುವವರು ಯಾರು ಅಂತ ಎಲ್ಲರಿಗೂ ಕಾಣುತ್ತದೆ. ಟಿವಿಯಲ್ಲಿ ಭಾಗವತರು ಕಾಣುವುದಿಲ್ಲ.

ಸಿಟ್ಟು, ಅಳು ನಿಜ ಅನ್ನುವುದಕ್ಕೆ 2013ರ ಒಂದು ಕಂತೇ ಸಾಕ್ಷಿ. ಅರಿಜೋನಾದ ಸ್ಕಾಟ್ಸ್‌ಡೇಲ್ ಎಂಬಲ್ಲಿನ ಒಂದು ಬೇಕರಿ. ಗಂಡ ಹೆಂಡತಿ ಯಾರ ಮಾತೂ ಕೇಳಲಿಲ್ಲ. ಸಪ್ಲೈಯರ್‌ಗಳಿಗೆ ಬರುವ ಟಿಪ್ಸನ್ನು ತಾವೇ ಇಟ್ಟುಕೊಳ್ಳುತ್ತಿದ್ದದ್ದು ಹೊರಗೆ ಬಂತು. ರಾಮ್ಸೆ ಕೈಚೆಲ್ಲಿ ಎದ್ದುಹೋದ. ಬರೆದಿಟ್ಟ ಪ್ರಸಂಗ ಮುರಿದುಬಿತ್ತು. ಉದ್ಧಾರವೇ ಆಗದ ಈ ಕಂತು ಇಂಟರ್ನೆಟ್ಟಿನಲ್ಲಿ ಇನ್ನಿಲ್ಲದ ಹಾಗೆ ಓಡಿತು. ಬೇಕರಿ 2015ರಲ್ಲಿ ಮುಚ್ಚಿತು.

ಅಷ್ಟು ಹೊತ್ತಿಗೆ ಇಂಥ ಶೋಗಳ ಸಾಲೇ ನಿಂತಿತ್ತು. 2011ರಲ್ಲಿ ಎರಡು ಬಂದವು. 'ರೆಸ್ಟೊರೆಂಟ್: ಇಂಪಾಸಿಬಲ್' ಎರಡು ದಿನ, ಹತ್ತು ಸಾವಿರ ಡಾಲರಿನಲ್ಲಿ ಹೋಟೆಲ್ ಬದಲಿಸುತ್ತೇನೆ ಅಂದಿತು. 'ಬಾರ್ ರೆಸ್ಕ್ಯೂ' ಬಾರುಗಳಿಗೆ ಹೋಯಿತು, ರಿಪೇರಿಗೆ 36 ಗಂಟೆ. ಅದರಲ್ಲಿ ಒಂದು ದಿನ ಬೇಕಂತಲೇ ಜನ ತುಂಬಿಸಿ ಕೆಲಸದವರನ್ನು ಪರೀಕ್ಷೆ ಮಾಡುತ್ತಾರೆ. ಇದನ್ನು ಅವರು ಮುಚ್ಚಿಡುವುದಿಲ್ಲ, ಶೋನ ಭಾಗ ಅಂತಲೇ ತೋರಿಸುತ್ತಾರೆ. 2013ರಲ್ಲಿ ಸಿಎನ್‌ಬಿಸಿಯ 'ದಿ ಪ್ರಾಫಿಟ್' ಬಂತು. ಅಲ್ಲಿ ಉದ್ಯಮಿ ಸಲಹೆಯ ಜೊತೆ ತನ್ನ ದುಡ್ಡನ್ನೂ ಹಾಕಿ ಪಾಲು ತೆಗೆದುಕೊಳ್ಳುತ್ತಿದ್ದ. ದುಡ್ಡು ಬಂದ ಮೇಲೆ ತಕರಾರೂ ಬಂತು, ಕೆಲವರು ಕೋರ್ಟ್ ಮೆಟ್ಟಿಲು ಹತ್ತಿದರು.

ನಮ್ಮಲ್ಲಿ 2021ರ ಡಿಸೆಂಬರಿನಿಂದ 'ಶಾರ್ಕ್ ಟ್ಯಾಂಕ್ ಇಂಡಿಯಾ' ಬರುತ್ತಿದೆ. ಅದು ಮುಳುಗುವವರನ್ನು ಎತ್ತುವ ಶೋ ಅಲ್ಲ, ಆದರೂ ಇದೇ ಓಣಿಯದ್ದು. ಅಲ್ಲಿ ಕೈಕುಲುಕಿದ ಡೀಲ್ ಕೂಡ ಕೊನೆ ಮಾತಲ್ಲ. ಲೆಕ್ಕಪತ್ರ ನೋಡಿದ ಮೇಲೆ ಬಿದ್ದುಹೋದ ಡೀಲುಗಳಿವೆ. ಕ್ಯಾಮೆರಾ ಆಫ್ ಆದ ಮೇಲೆ ನಿಜವಾದ ಮಾತುಕತೆ ಶುರು.

ಈ ಶೋಗಳು ಸುಳ್ಳು ಅನ್ನುವವರ ಕೈಯಲ್ಲಿರುವ ದೊಡ್ಡ ಅಸ್ತ್ರ ಅಂದರೆ, ಅಮೆರಿಕದ ಕಿಚನ್ ನೈಟ್‌ಮೇರ್ಸ್‌ಗೆ ಬಂದ ಹೋಟೆಲುಗಳಲ್ಲಿ ಹೆಚ್ಚಿನವು ಆಮೇಲೆ ಮುಚ್ಚಿದವು ಎಂಬುದು. ಮುಚ್ಚಿದ್ದು ನಿಜ. ಆದರೆ ನನ್ನ ಪ್ರಕಾರ ಇದು ದುರ್ಬಲ ವಾದ. ಮೊದಲನೆಯದಾಗಿ, ಶೋ ಶುರುವಾದ ಕೆಲವೇ ತಿಂಗಳಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತ ಬಂತು. ಗಟ್ಟಿ ಹೋಟೆಲುಗಳೇ ಬಾಗಿಲು ಹಾಕಿದವು. ಅದೂ ಅಲ್ಲದೆ, ಒಳ್ಳೆ ಕಾಲದಲ್ಲೂ ಹೋಟೆಲ್ ಬಾಳುವುದು ಕಷ್ಟ. ಒಹಾಯೊ ರಾಜ್ಯದ ಕೊಲಂಬಸ್ ನಗರದ ಹೋಟೆಲುಗಳ ಮೇಲೆ ಎಚ್. ಜಿ. ಪಾರ್ಸಾ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನೂರಕ್ಕೆ ತೊಂಬತ್ತು ಹೋಟೆಲ್ ಮೊದಲ ವರ್ಷವೇ ಮುಚ್ಚುತ್ತವೆ ಎಂಬ ಮಾತು ಸುಳ್ಳು ಅಂತ ಅದು ತೋರಿಸಿತು. ಮೊದಲ ವರ್ಷ ಸೋಲುವುದು ಶೇ. 26. ಆದರೆ ಮೂರು ವರ್ಷ ಆಗುವಷ್ಟರಲ್ಲಿ ಸುಮಾರು ಶೇ. 60. ಮಾಮೂಲಿ ಹೋಟೆಲಿನ ಹಣೆಬರಹವೇ ಇಷ್ಟು ಅಂದರೆ, ಸಾಲಗಾರರು ಬಾಗಿಲಿಗೆ ಬಂದ ಮೇಲೆ ಟಿವಿಯವರಿಗೆ ಫೋನ್ ಮಾಡಿದವರ ಕಥೆ ಏನು? ಐಸಿಯುಗೆ ಹೋದವರಲ್ಲಿ ಜಾಸ್ತಿ ಜನ ಸಾಯುತ್ತಾರೆ ಅಂತ ಡಾಕ್ಟರ್ ನಕಲಿ ಅನ್ನಲಾಗುತ್ತದಾ?

ಬ್ರಿಟನ್ನಿನಲ್ಲಿ ಇದರ ದೊಡ್ಡ ಪ್ರಯೋಗವೇ ನಡೆಯಿತು. 2007ರಿಂದ ಟಿವಿಯಲ್ಲಿ ಅಂಗಡಿಗಳನ್ನು ಸರಿಮಾಡುತ್ತಿದ್ದ ಮೇರಿ ಪೋರ್ಟಾಸ್ ಅವರಿಗೆ ಸರ್ಕಾರವೇ, ಊರಿನ ಪೇಟೆಬೀದಿಗಳು ಯಾಕೆ ಸಾಯುತ್ತಿವೆ ನೋಡಿ ಅಂತ ಕೇಳಿತು. 2011ರ ಡಿಸೆಂಬರಿನಲ್ಲಿ ಅವರು 28 ಶಿಫಾರಸು ಕೊಟ್ಟರು. ಮರುವರ್ಷ 12 ಊರುಗಳನ್ನು ಆರಿಸಿ, ಒಟ್ಟು 12 ಲಕ್ಷ ಪೌಂಡ್ ಹಂಚಿದರು. ಅಂಗಡಿ ಮುಚ್ಚುವುದು ನಿಲ್ಲಲಿಲ್ಲ. ಜನ ಕಾರು ಹತ್ತಿ ಊರಾಚೆಯ ದೊಡ್ಡ ಮಳಿಗೆಗೆ ಹೋಗುತ್ತಿದ್ದರು, ಇಂಟರ್ನೆಟ್ಟಿನಲ್ಲಿ ಆರ್ಡರ್ ಮಾಡುತ್ತಿದ್ದರು. ಇದಕ್ಕೆ ಬೋರ್ಡಿನ ಬಣ್ಣ ಏನು ಮಾಡುತ್ತದೆ?

ಈ ಮಾತು ಅರ್ಥ ಆಗಲು ಬ್ರಿಟನ್ನಿಗೆ ಹೋಗಬೇಕಾಗಿಲ್ಲ. ಭದ್ರಾವತಿಯ ಪೇಪರ್ ಟೌನ್ ಸಾಕು. 2015ರಲ್ಲಿ ಮೈಸೂರು ಪೇಪರ್ ಮಿಲ್ಸ್‌ನ ಯಂತ್ರ ನಿಂತಿತು. ಶಿಫ್ಟ್ ಬಿಟ್ಟು ಬರುವವರ ಚಹಾ, ಇಡ್ಲಿ ನಂಬಿಕೊಂಡ ಹೋಟೆಲಿಗೆ ಗಿರಾಕಿಯೇ ಇಲ್ಲ. ಅಲ್ಲಿಗೆ ರಾಮ್ಸೆ ಬಂದು ಸಾಂಬಾರು ಚೆನ್ನಾಗಿಲ್ಲ ಅಂತ ಪಾತ್ರೆ ಎಸೆದರೆ ಏನು ಬಂತು? ಸಾಂಬಾರು ಚೆನ್ನಾಗೇ ಇರಬಹುದು. ಟಿವಿ ಪ್ರಸಂಗಕ್ಕೆ ಒಬ್ಬ ತಪ್ಪಿತಸ್ಥ ಬೇಕೇ ಬೇಕು, ಅವನು ಹೋಟೆಲಿನ ಒಳಗೇ ಇರಬೇಕು. ಅಡಿಕೆ ರೇಟು ಬಿದ್ದಿದ್ದಕ್ಕೋ ಫ್ಯಾಕ್ಟರಿ ಮುಚ್ಚಿದ್ದಕ್ಕೋ ಕ್ಯಾಮೆರಾ ಎದುರು ಬೈಯಲು ಆಗುವುದಿಲ್ಲವಲ್ಲ.

ಇದನ್ನೆಲ್ಲ ನಾನು ಅವತ್ತು ಒಂದೇ ಉಸಿರಿಗೆ ಹೇಳಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು. ಯಜಮಾನರು ಚಹಾ ತಂದಿಟ್ಟು ತಮ್ಮ ಡೌಟಿಗೇ ವಾಪಸ್ ಬಂದರು. "ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಹೋಟೆಲೂ ತುಂಬುತ್ತದೆ. ನಿಲ್ಲಲು ಜಾಗ ಇರುವುದಿಲ್ಲ. ಅದನ್ನು ವಿಡಿಯೊ ಮಾಡಿ ತೋರಿಸಿದರೆ ನಾನೂ ಉದ್ಧಾರ ಆದವನೇ." ಸಾಗರದಲ್ಲಿ ಆ ಜಾತ್ರೆ ಮೂರು ವರ್ಷಕ್ಕೊಮ್ಮೆ. ಟಿವಿಯ ಕೊನೆಯ ರಾತ್ರಿ ಅಂಥದ್ದೇ ಒಂದು ಜಾತ್ರೆ. ಜನ ಬಂದಿದ್ದು ಸುಳ್ಳಲ್ಲ. ಅವರು ಮುಂದಿನ ಮಂಗಳವಾರವೂ ಬರುತ್ತಾರೆ ಅನ್ನುವ ಹಾಗೆ ತೋರಿಸುವುದು ಸುಳ್ಳು. ಅಲ್ಲಿ ನನಗೆ ನಕಲಿ ಅನ್ನಿಸುವುದು ಮನುಷ್ಯರಲ್ಲ, ದಿನಗಳ ಲೆಕ್ಕ. ಹತ್ತು ವರ್ಷದಲ್ಲಿ ಬೆಳೆದ ಸಾಲ ಐದು ದಿನದಲ್ಲಿ ಇಳಿಯುವುದಿಲ್ಲ.

ಗಲ್ಲಾದ ಡ್ರಾಯರಿನಿಂದ ಅವರು ಒಂದು ಪಿಗ್ಮಿ ಪುಸ್ತಕ ತೆಗೆದು ತೋರಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಶುರು ಮಾಡಿದ ಈ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ ನಮ್ಮ ಅಂಗಡಿಗಳ ನಾಡಿ ಇದ್ದ ಹಾಗೆ. ಮೇ ತಿಂಗಳಲ್ಲಿ ದಿನಾ ಇನ್ನೂರು. ಜೂನ್ ಕೊನೆಗೆ ನೂರು. ಜುಲೈಯಲ್ಲಿ ಐವತ್ತು, ನಡುವೆ ನಾಲ್ಕು ದಿನ ಖಾಲಿ. "ಇದನ್ನು ಟಿವಿಯಲ್ಲಿ ತೋರಿಸಿದರೆ ಯಾರು ನೋಡ್ತಾರೆ?" ಅಂತ ನಕ್ಕರು.

ಆದರೂ ರಾಮ್ಸೆಯ ಒಂದು ಮಾತು ಅವರಿಗೆ ಹಿಡಿಸಿತ್ತು. ಎಷ್ಟೋ ಕಂತುಗಳಲ್ಲಿ ಆತ ಮೆನು ಚಿಕ್ಕದು ಮಾಡಿಸುತ್ತಾನೆ. ಐಟಂ ಕಡಿಮೆ ಆದರೆ ಹಾಳಾಗುವುದೂ ಕಡಿಮೆ. ಇದು ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ ನಿಜವೇ. ಮಳೆ ಸ್ವಲ್ಪ ನಿಂತಾಗ ಎದ್ದು, ಒದ್ದೆ ಬಟ್ಟೆಯಲ್ಲಿ ಕರಿಹಲಗೆಯಿಂದ ಎರಡು ಸಾಲು ಒರೆಸಿದರು: ಗೋಬಿ ಮಂಚೂರಿ, ವೆಜ್ ಫ್ರೈಡ್ ರೈಸ್. ನೀರ್ ದೋಸೆ, ಕೊಟ್ಟೆ ಕಡುಬು, ಬನ್ಸ್ ಉಳಿದವು.

ಎರಡು ವಾರ ಬಿಟ್ಟು ಹೋದಾಗ ಗೋಬಿ ಮಂಚೂರಿ ವಾಪಸ್ ಬಂದಿತ್ತು. ಕಾಲೇಜು ಹುಡುಗರು ಬಂದು ಕೇಳಿ, ಇಲ್ಲ ಅಂದಿದ್ದಕ್ಕೆ ಎದುರಿನ ಗಾಡಿಗೆ ಹೋದರಂತೆ.