ನುಂಗುವ ತೊಂದರೆ ಹಳೆಯದಾದ ಮೇಲೂ ಬಯೋಫೀಡ್‌ಬ್ಯಾಕ್ ಚಿಕಿತ್ಸೆ ನೆರವಾಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ ಪಾರ್ಶ್ವವಾಯುವಾಗಿ ವರ್ಷ ಕಳೆದಿದೆ. ಈಗಲೂ ನೀರು ಕುಡಿದರೆ ಕೆಮ್ಮುತ್ತಾರೆ. ಇಷ್ಟು ತಡವಾದ ಮೇಲೆ ಬಯೋಫೀಡ್‌ಬ್ಯಾಕ್ ಯಂತ್ರದಿಂದ ಗುಣವಾದೀತೇ?

ಉತ್ತರ: ಸುಧಾರಿಸುವ ಸಾಧ್ಯತೆ ಖಂಡಿತ ಇದೆ. ಬಯೋಫೀಡ್‌ಬ್ಯಾಕ್ ಎಂದರೆ ನುಂಗುವಾಗ ಸ್ನಾಯುಗಳು ಮಾಡುವ ಕೆಲಸವನ್ನು ಪರದೆಯ ಮೇಲೆ ನೋಡುತ್ತಾ ಸರಿಯಾಗಿ ನುಂಗಲು ಕಲಿಯುವ ತರಬೇತಿ. ಪಾರ್ಶ್ವವಾಯುವಾಗಿ ಬಹುಕಾಲ ಕಳೆದ ಮೇಲೂ ಇಂತಹ ತರಬೇತಿಯ ನಂತರ ಕೊಳವೆಯ ಆಹಾರವನ್ನು ಬಿಟ್ಟು ಬಾಯಿಂದ ಉಣ್ಣಲು ಶಕ್ತರಾದವರ ವೈದ್ಯಕೀಯ ವರದಿಗಳಿವೆ. ಆದರೆ ಗುಣಪಡಿಸುವುದು ಯಂತ್ರವಲ್ಲ, ರೋಗಿಯ ಅಭ್ಯಾಸ ಎಂಬುದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ತುತ್ತು ಗಂಟಲನ್ನು ದಾಟಲು ಸುಮಾರು 1 ಸೆಕೆಂಡ್ ಸಾಕು. ಅಷ್ಟರೊಳಗೆ ಧ್ವನಿಪೆಟ್ಟಿಗೆ ಮೇಲೇರಿ, ಶ್ವಾಸಮಾರ್ಗ ಮುಚ್ಚಿ, ಅನ್ನನಾಳದ ಬಾಯಿ ತೆರೆಯಬೇಕು. ಇದು ಕಣ್ಣಿಗೆ ಕಾಣುವ ಕೆಲಸವಲ್ಲವಾದ್ದರಿಂದ, ತಾನು ಸರಿಯಾಗಿ ನುಂಗಿದೆನೋ ಇಲ್ಲವೋ ಎಂಬುದು ರೋಗಿಗೇ ತಿಳಿಯುವುದಿಲ್ಲ. ಗದ್ದದ ಕೆಳಗೆ ಅಂಟಿಸಿದ ಎಲೆಕ್ಟ್ರೋಡ್‌ಗಳು ಅಲ್ಲಿನ ಸ್ನಾಯುಗಳ ವಿದ್ಯುತ್ ಸಂಕೇತವನ್ನು ಹಿಡಿದು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತವೆ. ಅವು ದೇಹಕ್ಕೆ ವಿದ್ಯುತ್ ಹಾಯಿಸುವುದಿಲ್ಲ. ಬಲವಾಗಿ ನುಂಗಿದರೆ ಗೆರೆ ಎತ್ತರಕ್ಕೇರುತ್ತದೆ. ಧ್ವನಿಪೆಟ್ಟಿಗೆಯನ್ನು ಒಂದೆರಡು ಸೆಕೆಂಡ್ ಮೇಲೆಯೇ ತಡೆದು ಹಿಡಿಯುವ ಮೆಂಡೆಲ್ಸನ್ ವಿಧಾನದಲ್ಲಿ ಅದು ಅಷ್ಟು ಹೊತ್ತು ಕೆಳಗಿಳಿಯದೆ ನಿಲ್ಲುತ್ತದೆ. ಮಾತಿನಲ್ಲಿ ಎಷ್ಟು ಹೇಳಿದರೂ ಅರ್ಥವಾಗದ ಈ ವಿಧಾನವನ್ನು ಗೆರೆ ನೋಡುತ್ತಾ ಕಲಿಯುವುದು ಸುಲಭ, ಮತ್ತು ಈ ಚಿಕಿತ್ಸೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ನುಂಗದೆ ಬರೀ ನಾಲಿಗೆಯನ್ನು ಅಂಗುಳಿಗೆ ಒತ್ತಿದರೂ ಗೆರೆ ಏರುವುದರಿಂದ, ಪಕ್ಕದಲ್ಲಿ ನುರಿತ ಸ್ಪೀಚ್ ಥೆರಪಿಸ್ಟ್ (ಮಾತು ಮತ್ತು ನುಂಗುವಿಕೆಯ ಚಿಕಿತ್ಸಕರು) ಇರಲೇಬೇಕು. ಸೂಚನೆಗಳನ್ನು ಗ್ರಹಿಸಲಾಗದಷ್ಟು ಮರೆವು ಅಥವಾ ಗೊಂದಲ ಇರುವವರಿಗೆ ಇದು ಹೊಂದುವುದಿಲ್ಲ.

ಈ ತರಬೇತಿಯಿಂದ ಗಂಟಲಿನ ಚಲನೆ ಹೆಚ್ಚುವುದಕ್ಕೆ ಅಧ್ಯಯನಗಳ ಆಧಾರವಿದೆ. ಊಟ ಸಲೀಸಾಗುವುದಕ್ಕೆ ಅಥವಾ ಕೊಳವೆ ತೆಗೆಯುವಂತಾಗುವುದಕ್ಕೆ ಅಷ್ಟೇ ಗಟ್ಟಿಯಾದ ಪುರಾವೆ ಇನ್ನೂ ದೊರೆತಿಲ್ಲ. ಆದ್ದರಿಂದ ಆರಂಭಿಸುವ ಮೊದಲು ಎಕ್ಸ್-ರೇ ವಿಡಿಯೋ ಅಥವಾ ಎಂಡೋಸ್ಕೋಪಿಯಿಂದ ದೋಷ ಎಲ್ಲಿದೆಯೆಂದು ತಿಳಿದುಕೊಳ್ಳಿ. ಕೆಲವರಲ್ಲಿ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಹಾಗಾಗಿ ಕೆಮ್ಮು ಕಡಿಮೆಯಾದುದನ್ನೇ ಸುಧಾರಣೆ ಎಂದು ಎಣಿಸದೆ, ಕೆಲವು ವಾರಗಳ ಅಭ್ಯಾಸದ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿ. ನಡುವೆ ಜ್ವರ, ತೂಕ ಇಳಿಕೆ ಅಥವಾ ಊಟದ ನಂತರ ಗೊರಗೊರ ಧ್ವನಿ ಕಂಡರೆ ಅಭ್ಯಾಸವನ್ನು ನಿಲ್ಲಿಸಿ ತಡಮಾಡದೆ ವೈದ್ಯರನ್ನು ಕಾಣಿ.