ಡ್ಯಾಂಪಿಂಗ್ ಅಂದರೆ ಗಟ್ಟಿ ಮಾಡುವುದಲ್ಲ

ಹೋದ ವಾರ ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ಮತ್ತೆ ಅದೇ ಮಾತು ಕಿವಿಗೆ ಬಿತ್ತು. ಗೆಳೆಯ ತನ್ನ 70ರ ದಶಕದ ಮೋಟೋಕ್ರಾಸ್ ಬೈಕಿನ ಮುಂದಿನ ಫೋರ್ಕ್, ಅಂದರೆ ಮುಂಗಾಲಿ ಹಿಡಿದಿರುವ ಸ್ಪ್ರಿಂಗ್ ತುಂಬಿದ ಎರಡು ಕೊಳವೆ ಕಾಲುಗಳನ್ನು, ಬಿಚ್ಚಿಸಿದ್ದ. ಎರಡೂ ಸ್ಪ್ರಿಂಗ್ ಮೇಲೆ 20 ಮಿ.ಮೀ. ಪೈಪಿನ ತುಂಡು ಇಡಿಸಿದ್ದ. "ಡ್ಯಾಂಪಿಂಗ್ ಮಸ್ತ್ ಗಟ್ಟಿ ಮಾಡ್ಸೀನಿ ನೋಡಲೇ" ಅಂದ. ಅವನು ಡ್ಯಾಂಪಿಂಗ್ ಅನ್ನು ಮುಟ್ಟಿಯೇ ಇರಲಿಲ್ಲ.

ಈ ಪದದ ಬೇರು ನೋಡಿದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಇಂಗ್ಲಿಷಿನ 'ಡ್ಯಾಂಪ್'ಗೆ ಇವತ್ತು ಒದ್ದೆ, ತೇವ ಅನ್ನುವ ಅರ್ಥ. ಅದಕ್ಕೇ ಎಷ್ಟೋ ಜನ ಫೋರ್ಕಿನಲ್ಲಿ ಎಣ್ಣೆ ಇರುವುದರಿಂದ ಈ ಹೆಸರು ಬಂತು ಅಂದುಕೊಂಡಿದ್ದಾರೆ. ಹಾಗಲ್ಲ. ಹಳೆಯ ಅರ್ಥ ಹೊಗೆ, ಹಬೆ, ಉಸಿರು ಕಟ್ಟಿಸುವ ಗಾಳಿ. ಜರ್ಮನ್ನಿನಲ್ಲಿ ಹಬೆಗೆ ಈಗಲೂ 'ಡಾಂಫ್' ಅನ್ನುತ್ತಾರೆ. ಕಲ್ಲಿದ್ದಲ ಗಣಿಯ ಮೀಥೇನ್ ಅನಿಲಕ್ಕೆ 'ಫೈರ್‌ಡ್ಯಾಂಪ್' ಅನ್ನುವ ಹೆಸರು ಬಂದದ್ದೂ ಇದರಿಂದಲೇ. ಉಸಿರು ಕಟ್ಟಿಸು ಅನ್ನುವುದರಿಂದ ಬೆಂಕಿಯನ್ನು ಅದುಮು, ಸದ್ದನ್ನು ಅಡಗಿಸು, ಕುಣಿತವನ್ನು ತಣಿಸು ಅನ್ನುವ ಅರ್ಥಗಳು ಬಂದವು. ಪಿಯಾನೋ ತಂತಿಯ ಸದ್ದು ನಿಲ್ಲಿಸುವ ಮೆತ್ತೆಗೂ ಡ್ಯಾಂಪರ್ ಅಂತಲೇ ಹೆಸರು.

ಧಾರವಾಡದವರಿಗೆ ಇದನ್ನು ತಂಬೂರಿಯಲ್ಲಿ ತೋರಿಸಿದರೆ ಸಾಕು. ತಂತಿ ಮೀಟಿ, ಮೇಲೆ ಮೆಲ್ಲಗೆ ಬೆರಳಿಡಿ. ಸದ್ದು ಅಡಗುತ್ತದೆ. ಅದು ಡ್ಯಾಂಪಿಂಗ್. ಬಿರಡೆ ತಿರುವಿ ತಂತಿ ಬಿಗಿ ಮಾಡುವುದು ಬೇರೆ ಕೆಲಸ, ಅಲ್ವಾ? ಗೆಳೆಯ ಬಿರಡೆ ತಿರುವಿ 'ಬೆರಳಿಟ್ಟೆ' ಅನ್ನುತ್ತಿದ್ದ.

ಫೋರ್ಕಿನಲ್ಲಿ ಗುಂಡಿಯ ಹೊಡೆತ ತಾಳುವುದು ಸ್ಪ್ರಿಂಗ್. ತಾಳಿದ ಮೇಲೆ ಅದು ಸುಮ್ನೆ ಇರುವುದಿಲ್ಲ, ಪುಟಿಯುತ್ತದೆ. ಆ ಪುಟಿತದ ಶಕ್ತಿಯನ್ನು ಹಿಡಿದು ಬಿಸಿಯಾಗಿ ಕಳೆಯುವುದು ತೂತುಗಳಲ್ಲಿ ನುಗ್ಗುವ ಎಣ್ಣೆ. ನಾವು ಎಲ್ಲಕ್ಕೂ ಸೇರಿಸಿ 'ಶಾಕಪ್ಸರ್' ಅಂದುಬಿಡುತ್ತೇವೆ. ಬ್ರಿಟನ್ನಿನವರು ಎಣ್ಣೆಯ ಭಾಗಕ್ಕೆ ಡ್ಯಾಂಪರ್ ಅನ್ನುತ್ತಾರೆ, ಅದೇ ಸರಿ. ಸ್ಪ್ರಿಂಗಿನ ಬಲ ಎಷ್ಟು ಒತ್ತಿದೆ ಅನ್ನುವುದರ ಮೇಲೆ. ಡ್ಯಾಂಪಿಂಗ್ ಬಲ ಎಷ್ಟು ಜೋರಾಗಿ ಒತ್ತುತ್ತಿದೆ ಅನ್ನುವುದರ ಮೇಲೆ. ಫೋರ್ಕ್ ಅಲುಗದೆ ನಿಂತಿದ್ದರೆ ಡ್ಯಾಂಪಿಂಗ್ ಸೊನ್ನೆ.

ಪೈಪಿನ ತುಂಡು ಸ್ಪ್ರಿಂಗನ್ನೂ ಗಟ್ಟಿ ಮಾಡುವುದಿಲ್ಲ. ಒಂದು ಸ್ಪ್ರಿಂಗ್ 1 ಮಿ.ಮೀ. ಒತ್ತಲು 0.4 ಕೆಜಿ ಬೇಕು ಅನ್ನಿ. ಎರಡು ಕಾಲಿಗೆ 0.8. ಆ 20 ಮಿ.ಮೀ. ತುಂಡಿನಿಂದ ಫೋರ್ಕ್ ಇಳಿಯಲು ಶುರುವಾಗುವ ಮುಂಚೆ 16 ಕೆಜಿ ಜಾಸ್ತಿ ಭಾರ ಬೇಕಾಗುತ್ತದೆ. ಆಮೇಲೆ ಪ್ರತಿ ಮಿ.ಮೀ.ಗೆ ಮತ್ತೆ ಅದೇ 0.8. ಇದಕ್ಕೆ ಪ್ರಿಲೋಡ್ ಅಂತ ಬೇರೆ ಹೆಸರಿದೆ. ಬೈಕ್ ಮುಂದೆ ಸ್ವಲ್ಪ ಎತ್ತರ ನಿಲ್ಲುತ್ತದೆ, ಅಷ್ಟೇ. ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸಿ ಆ ಜಾಗಕ್ಕೆ ಪೈಪ್ ಇಟ್ಟರೆ ಆಗ ನಿಜಕ್ಕೂ ಗಟ್ಟಿಯಾಗುತ್ತದೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸು.

ಇನ್ನು 'ದಪ್ಪ ಎಣ್ಣೆ ಹಾಕಿ' ಅನ್ನುವ ಸಲಹೆ. ಇದು ಡ್ಯಾಂಪಿಂಗನ್ನು ಮುಟ್ಟುವುದು ಹೌದು, ಆದರೆ ಕುರುಡಾಗಿ. ಹಳೆಯ ಡ್ಯಾಂಪರ್ ರಾಡ್ ಫೋರ್ಕಿನಲ್ಲಿ ಎಣ್ಣೆಯನ್ನು ತಡೆಯಲು ಇರುವುದು ಕಾಲಿನೊಳಗಿನ ಒಂದು ಕೊಳವೆ (ಅದೇ ರಾಡ್), ಅದರಲ್ಲಿ ಬರೀ ತೂತುಗಳು. ಎಣ್ಣೆ ತುಂಬಿದ ಸಿರಿಂಜ್ ಒತ್ತಿ ನೋಡಿ. ಮೆಲ್ಲಗೆ ಒತ್ತಿದರೆ ಸಲೀಸು, ಜೋರಾಗಿ ಒತ್ತಿದರೆ ಹೆಬ್ಬೆರಳು ನೋಯುತ್ತದೆ. ತೂತಿನಲ್ಲಿ ವೇಗ ಎರಡು ಪಟ್ಟಾದರೆ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಬ್ರೇಕ್ ಹಿಡಿದಾಗ ಫೋರ್ಕ್ ಮೆಲ್ಲಗೆ ಇಳಿಯುವುದರಿಂದ ತಡೆ ಸಾಲದೆ ಮೂತಿ ಮುಗ್ಗರಿಸುತ್ತದೆ. ನವಲಗುಂದದ ಕಡೆ ಒಣಗಿದ ಎರೆಹೊಲದ ಚಕ್ಕಡಿ ದಾರಿಗೆ ಬಿದ್ದರೆ ಅದೇ ಫೋರ್ಕ್ ಕಬ್ಬಿಣದ ಸಲಾಕೆಯಾಗುತ್ತದೆ. ದಪ್ಪ ಎಣ್ಣೆ ಹಾಕಿದರೆ ಮೇಲೆ ಬರುವುದೂ ನಿಧಾನ. ಒಂದು ಉಬ್ಬಿನಿಂದ ಏಳುವ ಮುಂಚೆ ಮುಂದಿನದು ಬರುತ್ತದೆ, ಫೋರ್ಕ್ ಕುಸಿಯುತ್ತಲೇ ಹೋಗುತ್ತದೆ.

ಇದಕ್ಕೆ ಸರಿಯಾದ ಮದ್ದು ಎಮ್ಯುಲೇಟರ್ ಅನ್ನುವ ಪುಟ್ಟ ವಾಲ್ವ್. ಸ್ಪ್ರಿಂಗ್ ಕೆಳಗೆ, ರಾಡಿನ ತಲೆಯ ಮೇಲೆ ಕೂರುತ್ತದೆ. ಜೋರು ಹೊಡೆತ ಬಿದ್ದಾಗ ತೆರೆದುಕೊಂಡು ಎಣ್ಣೆಗೆ ದಾರಿ ಬಿಡುತ್ತದೆ. ಇದನ್ನು ಕೂರಿಸುವಾಗ ರಾಡಿನ ಕೆಳಗಿನ ತೂತುಗಳನ್ನು ದೊಡ್ಡದು ಮಾಡಲೇಬೇಕು. ಇಲ್ಲದಿದ್ದರೆ ಹಳೆಯ ತೂತುಗಳೇ ತಡೆಯುತ್ತವೆ, ವಾಲ್ವ್ ಇದ್ದೂ ಇಲ್ಲದಂತೆ. ಆಮೇಲೆ ಎಣ್ಣೆಯ ದಪ್ಪ ಫೋರ್ಕ್ ಮೇಲೇಳುವ ವೇಗವನ್ನು ಮಾತ್ರ ನೋಡಿಕೊಳ್ಳುತ್ತದೆ.

ಎಣ್ಣೆ ಡಬ್ಬದ ಮೇಲಿನ '10ಡಬ್ಲ್ಯೂ' ಕೂಡ 'ಹತ್ತು ವೇಟ್' ಅಲ್ಲ. ಆ ಡಬ್ಲ್ಯೂ ವಿಂಟರ್‌ನದು, ಚಳಿಗಾಲದ ಗುರುತು.

ಗೆಳೆಯನ ಬೈಕಿನ ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಜೋರಾಗಿ ಅದುಮಿ ಬಿಟ್ಟೆ. ಡ್ಯಾಂಪಿಂಗ್ ಸರಿ ಇದ್ದರೆ ಒಮ್ಮೆ ಎದ್ದು ನಿಲ್ಲಬೇಕಿತ್ತು. ಅದು ಮೂರು ಸಲ ಕುಣಿಯಿತು. ಪೈಪಿನ ತುಂಡು ತೆಗೆಸಿ, ಮೊದಲು ಅವನ ತೂಕಕ್ಕೆ ತಕ್ಕ ಸ್ಪ್ರಿಂಗ್ ಹುಡುಕುತ್ತಿದ್ದೇವೆ.