ಗ್ರಾಫ್ ಏರುತ್ತಿದ್ದರೂ ಎರಡನೇ ಡಿರೈವೇಟಿವ್ ಮೈನಸ್ ಯಾಕೆ?

ಪ್ರಶ್ನೆ: ಸರ್, ಗ್ರಾಫ್ ಮೇಲಕ್ಕೆ ಹೋಗ್ತಾ ಇದೆ. ಆದ್ರೆ ಎರಡನೇ ಡಿರೈವೇಟಿವ್ ಮೈನಸ್ ಬಂತು. ಲೆಕ್ಕ ತಪ್ಪಾಯ್ತಾ?
(ಪಿಯುಸಿ ವಿದ್ಯಾರ್ಥಿನಿ, ಹಿರಿಯೂರು)

ತಪ್ಪಿಲ್ಲಮ್ಮ. ನಿಮ್ಮೂರ ಹತ್ತಿರದ ವಾಣಿವಿಲಾಸ ಸಾಗರವನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಮಳೆಗಾಲದಲ್ಲಿ ದುರ್ಗದ ಕಡೆ ಯಾರು ಸಿಕ್ಕರೂ ಎರಡು ಮಾತು ಕೇಳುತ್ತಾರೆ. ಎಷ್ಟು ಅಡಿ ಆಯ್ತು? ನಿನ್ನೆಗಿಂತ ಎಷ್ಟು ಜಾಸ್ತಿ? ಈ ಎರಡನೇ ಮಾತಿನಲ್ಲೇ ಮೊದಲ ಡಿರೈವೇಟಿವ್, ಅಂದರೆ ಏರುವ ವೇಗ, ಇದೆ.

ನೀರು ಒಂದು ದಿನ 4 ಇಂಚು ಏರಿತು, ಮರುದಿನ 3, ಅದರ ಮರುದಿನ 2 ಅಂತ ಇಟ್ಟುಕೊಳ್ಳಿ. ಮೂರೂ ದಿನ ಮಟ್ಟ ಏರಿದೆ, ಅಲ್ವಾ? ಆದರೆ ಏರುವ ವೇಗ ದಿನಕ್ಕೆ ಒಂದೊಂದು ಇಂಚು ತಗ್ಗಿದೆ. ಆ ವೇಗ ಹೇಗೆ ಬದಲಾಗುತ್ತಿದೆ ಅನ್ನೋದೇ ಎರಡನೇ ಡಿರೈವೇಟಿವ್. ನಿಮಗೆ ಬಂದ ಮೈನಸ್ ಹೇಳುತ್ತಿರುವುದು ಈ ತಗ್ಗುವಿಕೆಯನ್ನು. ಗೆರೆ ಎಳೆದು ನೋಡಿ. ಮೇಲೆ ಹೋಗುತ್ತಲೇ ಕೆಳಕ್ಕೆ ಬಾಗುತ್ತದೆ, ಬೋರಲು ಹಾಕಿದ ಬಾಣಲೆಯ ಎಡಭಾಗದ ಹಾಗೆ. ಇದೇ ಕಾನ್‌ಕೇವ್ ಡೌನ್. ಒಳಹರಿವು ಒಂದೇ ಸಮ ಇದ್ದರೂ ಹೀಗಾಗುತ್ತದೆ ಅನ್ನೋದು ನನಗೆ ಬಲು ಇಷ್ಟದ ಸಂಗತಿ. ಕಣಿವೆ ಮೇಲೆ ಹೋದಂತೆ ಅಗಲ. ಅಷ್ಟೇ ನೀರು ಬಂದರೂ ಮಟ್ಟ ಏರುವುದು ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಎಕ್ಸ್ ಕ್ಯೂಬ್ ಮೈನಸ್ 6 ಎಕ್ಸ್ ಸ್ಕ್ವೇರ್ ಪ್ಲಸ್ 9 ಎಕ್ಸ್ ತೆಗೆದುಕೊಳ್ಳಿ. ಎಕ್ಸ್ 0 ಆದಾಗ ಬೆಲೆ 0. 0.5 ಆದಾಗ 3.125. 1 ಆದಾಗ 4. ಮೊದಲ ಅರ್ಧದಲ್ಲಿ ಮೂರಕ್ಕೂ ಜಾಸ್ತಿ ಏರಿತು, ಮುಂದಿನ ಅರ್ಧದಲ್ಲಿ ಒಂದೂ ಏರಲಿಲ್ಲ. ಎರಡನೇ ಡಿರೈವೇಟಿವ್ 6 ಎಕ್ಸ್ ಮೈನಸ್ 12. ಎಕ್ಸ್ 2ಕ್ಕಿಂತ ಕಡಿಮೆ ಇರುವವರೆಗೂ ಅದು ಮೈನಸ್. ಗೆರೆ 1ರವರೆಗೆ ಏರಿ ಆಮೇಲೆ ಇಳಿಯುತ್ತದೆ, ಆದರೆ ಬಾಗು 2ರವರೆಗೂ ಕೆಳಕ್ಕೇ. 2 ದಾಟಿದರೆ ಪ್ಲಸ್. ಗೆರೆ 3ರವರೆಗೆ ಇನ್ನೂ ಇಳಿಯುತ್ತಲೇ ಇರುತ್ತದೆ, ಬಾಣಲೆ ಮಾತ್ರ ಅಂಗಾತ ತಿರುಗಿರುತ್ತದೆ. ಹಾಗಾಗಿ 2ರಲ್ಲಿ ಇನ್‌ಫ್ಲೆಕ್ಷನ್ ಪಾಯಿಂಟ್, ಅಂದರೆ ಬಾಗು ದಿಕ್ಕು ಬದಲಿಸುವ ಜಾಗ.

ಇಲ್ಲಿ ಒಂದು ಎಚ್ಚರ ಬೇಕು. ಎರಡನೇ ಡಿರೈವೇಟಿವ್ ಸೊನ್ನೆ ಬಂತು ಅಂತ ಸುಮ್ನೆ ಇನ್‌ಫ್ಲೆಕ್ಷನ್ ಎಂದು ಬರೆದುಬಿಡಬೇಡಿ, ಎರಡೂ ಪಕ್ಕದ ಚಿಹ್ನೆ ನೋಡಿ. ಎಕ್ಸ್‌ನ ನಾಲ್ಕನೇ ಘಾತಕ್ಕೆ ಎರಡನೇ ಡಿರೈವೇಟಿವ್ 12 ಎಕ್ಸ್ ಸ್ಕ್ವೇರ್. 0ಯಲ್ಲಿ ಅದು ಸೊನ್ನೆಯೇ. ಆದರೆ ಎಡಕ್ಕೂ ಪ್ಲಸ್, ಬಲಕ್ಕೂ ಪ್ಲಸ್. ಬಾಣಲೆ ತಿರುಗಲೇ ಇಲ್ಲ.